ವಿದೇಶದಲ್ಲಿ ಅರ್ಥಶಾಸ್ತ್ರದ ಉನ್ನತ ವ್ಯಾಸಂಗ: ಅರ್ಜಿಯ ತಯಾರಿ ಯಾವ ಕ್ರಮದಲ್ಲಿ ನಡೆಯಬೇಕು

ವಿದೇಶಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಬೇಕೆಂದು ಹೊರಟವರಲ್ಲಿ ಅನೇಕರು ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ಉದ್ದೇಶ ಪತ್ರ (ಸ್ಟೇಟ್ಮೆಂಟ್ ಆಫ್ ಪರ್ಪಸ್) ಬರೆಯಲು ಕೂರುತ್ತಾರೆ, ಅದು ಮುಗಿದ ಮೇಲೆ ವಿಶ್ವವಿದ್ಯಾಲಯಗಳ ಪಟ್ಟಿ ಮಾಡುತ್ತಾರೆ, ಶಿಫಾರಸು ಪತ್ರ ಕೇಳಲು ಪ್ರಾಧ್ಯಾಪಕರ ಬಳಿ ಹೋಗುವ ಹೊತ್ತಿಗೆ ಗಡುವಿಗೆ ಎರಡು ವಾರವಷ್ಟೇ ಉಳಿದಿರುತ್ತದೆ. ಅಂಕಪಟ್ಟಿಯಲ್ಲಿ ಗಣಿತ ಸಾಲದು ಎಂಬ ಸಂಗತಿ ತಿಳಿಯುವುದು ನಿರಾಕರಣೆಯ ಪತ್ರಗಳು ಒಂದೊಂದಾಗಿ ಬಂದ ಮೇಲೆಯೇ. ಪ್ರವೇಶ ಸಮಿತಿಯವರು ಅರ್ಜಿಯನ್ನು ತೂಗುವ ಕ್ರಮ ಹೆಚ್ಚುಕಡಿಮೆ ಇದಕ್ಕೆ ತಿರುಗುಮುರುಗು. ಅವರು ಅಂಕಪಟ್ಟಿಯ ಗಣಿತವನ್ನು ಮೊದಲು ನೋಡುತ್ತಾರೆ, ಅದರ ಬೆನ್ನಿಗೆ ಶಿಫಾರಸು ಪತ್ರಗಳನ್ನು ಓದುತ್ತಾರೆ, ಉದ್ದೇಶ ಪತ್ರಕ್ಕೆ ಬರುವುದು ಆಮೇಲೆ. ತಯಾರಿಯೂ ಆ ಕ್ರಮದಲ್ಲೇ ನಡೆಯಬೇಕು. ಕೆಳಗಿನ ಹಂತಗಳು ಸ್ನಾತಕೋತ್ತರ ಪದವಿ ಮತ್ತು ಪಿಎಚ್.ಡಿಗೆ ಅರ್ಜಿ ಹಾಕುವವರಿಗಾಗಿ ಇವೆ. ತರಗತಿಗಳು ಸೆಪ್ಟೆಂಬರಿನಲ್ಲಿ ಆರಂಭವಾಗುತ್ತವೆ ಎಂದು ಲೆಕ್ಕ ಹಿಡಿದರೆ, ಮೊದಲ ಹಂತವನ್ನು ಅದಕ್ಕಿಂತ ಎರಡೂವರೆ ವರ್ಷ ಮುಂಚೆ ಕೈಗೆತ್ತಿಕೊಳ್ಳುವುದು ಉತ್ತಮ.

ಹಂತ 1: ಯಾವ ಪದವಿ ಎಂಬುದನ್ನು ಮೊದಲು ತೀರ್ಮಾನಿಸಿ

ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಉದ್ದೇಶದ ಪದವಿಗಳಿವೆ. ಒಂದು ವರ್ಷದ ಪದವಿಗಳನ್ನು ಬ್ರಿಟನ್ನಿನ ಕೇಂಬ್ರಿಡ್ಜ್, ಸ್ಪೇನಿನ ಬಾರ್ಸಿಲೋನಾ ಸ್ಕೂಲ್ ಆಫ್ ಎಕನಾಮಿಕ್ಸ್ ಮುಂತಾದವು ನೀಡುತ್ತವೆ. ಆಕ್ಸ್‌ಫರ್ಡ್‌ನ ಎಂ.ಫಿಲ್ ಮತ್ತು ನೆದರ್ಲೆಂಡ್ಸ್‌ನ ಟಿನ್‌ಬರ್ಗನ್ ಸಂಸ್ಥೆಯ ಸಂಶೋಧನಾ ಪದವಿ ಎರಡು ವರ್ಷದವು, ಪಿಎಚ್.ಡಿಗೆ ಹೋಗಬಯಸುವವರಿಗೆ ಇವು ಹೆಚ್ಚು ಹೊಂದುತ್ತವೆ. ಕೇಂದ್ರ ಬ್ಯಾಂಕು, ಸಲಹಾ ಸಂಸ್ಥೆ ಅಥವಾ ನೀತಿ ರೂಪಿಸುವ ಕಚೇರಿಗಳ ಕೆಲಸವನ್ನು ಗುರಿಯಾಗಿಟ್ಟುಕೊಂಡ ಅನ್ವಯಿಕ ಪದವಿಗಳು ಬೇರೆಯೇ ಇವೆ. ಅವುಗಳಲ್ಲಿ ಸಿದ್ಧಾಂತದ ಭಾರ ಕಡಿಮೆ, ದತ್ತಾಂಶದ ಕೆಲಸ ಹೆಚ್ಚು.

ಪಿಎಚ್.ಡಿ ವಿಷಯದಲ್ಲಿ ಅಮೆರಿಕಕ್ಕೂ ಯುರೋಪಿಗೂ ಇರುವ ವ್ಯತ್ಯಾಸವನ್ನು ಆರಂಭದಲ್ಲೇ ತಿಳಿದಿರಬೇಕು. ಅಮೆರಿಕದಲ್ಲಿ ಪದವಿ ಮುಗಿಸಿದವರು ನೇರವಾಗಿ ಪಿಎಚ್.ಡಿಗೆ ಸೇರಬಹುದು. ಅದು ಸಾಮಾನ್ಯವಾಗಿ 5ರಿಂದ 6 ವರ್ಷ ಹಿಡಿಯುತ್ತದೆ, ಮೊದಲ ವರ್ಷವಿಡೀ ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ ಮತ್ತು ಎಕನಾಮೆಟ್ರಿಕ್ಸ್ (ಆರ್ಥಿಕ ದತ್ತಾಂಶಕ್ಕೆ ಸಂಖ್ಯಾಶಾಸ್ತ್ರವನ್ನು ಅನ್ವಯಿಸುವ ವಿಷಯ) ತರಗತಿಗಳಿರುತ್ತವೆ, ಅವುಗಳ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಮಾತ್ರ ಮುಂದುವರಿಯುತ್ತಾರೆ. ಯುರೋಪಿನ ಬಹುತೇಕ ಕಡೆ ಸ್ನಾತಕೋತ್ತರ ಪದವಿ ಮೊದಲು, ಪಿಎಚ್.ಡಿ ನಂತರ.

ಇಲ್ಲಿ ಆಗಾಗ ಕಾಣುವ ತಪ್ಪೆಂದರೆ, ಪಿಎಚ್.ಡಿ ಮನಸ್ಸಿನಲ್ಲಿಟ್ಟುಕೊಂಡು ಉದ್ಯೋಗಕ್ಕಾಗಿ ರೂಪಿಸಿದ ಒಂದು ವರ್ಷದ ದುಬಾರಿ ಪದವಿಗೆ ಸೇರುವುದು. ಪಠ್ಯಕ್ರಮದಲ್ಲಿ ಪಿಎಚ್.ಡಿ ಮಟ್ಟದ ಒಂದು ತರಗತಿಯೂ ಇಲ್ಲದಿದ್ದರೆ, ಅಥವಾ ಪ್ರಬಂಧ ಬರೆಯುವ ಅವಕಾಶವೇ ಇಲ್ಲದಿದ್ದರೆ, ಆ ಪದವಿ ನಿಮ್ಮನ್ನು ಸಂಶೋಧನೆಯ ಕಡೆಗೆ ಒಯ್ಯುವುದು ಕಷ್ಟ. ಇನ್ನೊಂದು ತೊಡಕು ವರ್ಷದ ಲೆಕ್ಕದ್ದು. ಒಂದು ವರ್ಷದ ಪದವಿಗೆ ಸೆಪ್ಟೆಂಬರಿನಲ್ಲಿ ಸೇರಿದವರು ಅದೇ ಡಿಸೆಂಬರಿನಲ್ಲಿ ಪಿಎಚ್.ಡಿಗೆ ಅರ್ಜಿ ಹಾಕಿದರೆ, ಅವರ ಕೈಯಲ್ಲಿ ಹೊಸ ಅಂಕಗಳೂ ಇರುವುದಿಲ್ಲ, ಅವರನ್ನು ಬಲ್ಲ ಹೊಸ ಪ್ರಾಧ್ಯಾಪಕರೂ ಇರುವುದಿಲ್ಲ. ಇಂಥವರು ಪದವಿಯ ನಂತರ ಒಂದು ವರ್ಷ ಬಿಟ್ಟು ಅರ್ಜಿ ಹಾಕುವುದೆಂದು ಮೊದಲೇ ಯೋಜಿಸಿಕೊಳ್ಳಬೇಕು.

ಹಂತ 2: ಅಂಕಪಟ್ಟಿಯಲ್ಲಿರುವ ಗಣಿತವನ್ನು ಅಳೆಯಿರಿ

ಇಡೀ ತಯಾರಿಯಲ್ಲಿ ಹೆಚ್ಚು ಸಮಯ ಬೇಡುವುದು ಈ ಹಂತ. ಹೆಚ್ಚಿನವರು ದಾಟಿ ಹೋಗುವುದೂ ಇದನ್ನೇ. ನಿಮ್ಮ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು, ಪಿಎಚ್.ಡಿ ಅಥವಾ ಸಂಶೋಧನಾ ಸ್ನಾತಕೋತ್ತರ ಪದವಿಗೆ ಬೇಕಾದ ಐದು ವಿಷಯಗಳು ಅದರಲ್ಲಿವೆಯೇ ಎಂದು ನೋಡಿ. ಅನೇಕ ಚರಗಳ ಕಲನಶಾಸ್ತ್ರ, ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ, ಗಣಿತೀಯ ಸಂಖ್ಯಾಶಾಸ್ತ್ರ ಮತ್ತು ರಿಯಲ್ ಅನಾಲಿಸಿಸ್ (ಕಲನಶಾಸ್ತ್ರದ ತಳಹದಿಯನ್ನು ರುಜುವಾತುಗಳ ಮೂಲಕ ಓದುವ ಗಣಿತ) ಇವೇ ಆ ಐದು. ಅನ್ವಯಿಕ ಪದವಿಗಳಿಗೆ ಮೊದಲ ನಾಲ್ಕು ಸಾಕಾಗುವುದುಂಟು. ವಿಷಯದ ಹೆಸರು ಅಂಕಪಟ್ಟಿಯಲ್ಲಿ ಸ್ಪಷ್ಟವಾಗಿರಬೇಕು. ಅರ್ಥಶಾಸ್ತ್ರಜ್ಞರಿಗಾಗಿ ಗಣಿತ ಎಂಬ ಒಂದೇ ಪತ್ರಿಕೆಯಲ್ಲಿ ಇವೆಲ್ಲದರ ತುಣುಕುಗಳಿದ್ದರೆ ಸಮಿತಿಯವರು ಅದನ್ನು ಪರಿಚಯಾತ್ಮಕ ಪಾಠವೆಂದೇ ಪರಿಗಣಿಸುವ ಸಾಧ್ಯತೆ ಹೆಚ್ಚು.

ಇಷ್ಟೊಂದು ಗಣಿತ ಏಕೆ ಎಂಬ ಪ್ರಶ್ನೆಗೆ ಉತ್ತರ ಮೊದಲ ವರ್ಷದ ತರಗತಿಗಳಲ್ಲೇ ಇದೆ. ಗ್ರಾಹಕನಿಗೆ ತನ್ನ ಆಯವ್ಯಯದ ಮಿತಿಯಲ್ಲಿ ಅತ್ಯುತ್ತಮ ಆಯ್ಕೆಯೊಂದು ಇದ್ದೇ ಇದೆ ಎಂದು ಸಾಧಿಸಲು ಕಾಂಪ್ಯಾಕ್ಟ್ ಗಣ ಮತ್ತು ನಿರಂತರ ಫಲನದ ಪರಿಕಲ್ಪನೆಗಳು ಬೇಕು. ಮಾರುಕಟ್ಟೆಯ ಸಮತೋಲನವಿದೆ ಎಂದು ಸಾಧಿಸಲು ಸ್ಥಿರಬಿಂದು ಪ್ರಮೇಯ ಬೇಕು. ಸಮಗ್ರ ಅರ್ಥಶಾಸ್ತ್ರದ ಡೈನಮಿಕ್ ಪ್ರೋಗ್ರಾಮಿಂಗ್ ಸಂಕೋಚನ ಪ್ರಮೇಯದ ಮೇಲೆ ನಿಂತಿದೆ. ಎಕನಾಮೆಟ್ರಿಕ್ಸ್‌ನ ಕನಿಷ್ಠ ವರ್ಗ ವಿಧಾನವಂತೂ ಲೀನಿಯರ್ ಆಲ್ಜೀಬ್ರಾದ ಪ್ರಕ್ಷೇಪವೇ ಹೊರತು ಬೇರೇನಲ್ಲ. ಹೀಗಾಗಿ ರಿಯಲ್ ಅನಾಲಿಸಿಸ್‌ನಲ್ಲಿ ಪಡೆದ ಒಳ್ಳೆಯ ಅಂಕ, ಅಭ್ಯರ್ಥಿಯು ಪ್ರಮೇಯಗಳ ರುಜುವಾತುಗಳನ್ನು ಓದಿ ಬರೆಯಬಲ್ಲನು ಎಂಬುದಕ್ಕೆ ಸಮಿತಿಯ ಕೈಗೆ ಸಿಗುವ ನೇರ ಪುರಾವೆಯಾಗುತ್ತದೆ.

ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಲು ಒಂದು ಗಂಟೆ ಸಾಕು. ಪುಸ್ತಕ ಮುಚ್ಚಿಟ್ಟು, ನಿರಂತರತೆಯ ಎಪ್ಸಿಲಾನ್-ಡೆಲ್ಟಾ ವ್ಯಾಖ್ಯಾನವನ್ನು ಬರೆದು ಅದರ ನಿಷೇಧವನ್ನೂ ಬರೆಯಿರಿ. ಲಗ್ರಾಂಜ್ ಗುಣಕ ಏನನ್ನು ಅಳೆಯುತ್ತದೆ ಎಂದು ಎರಡು ವಾಕ್ಯಗಳಲ್ಲಿ ವಿವರಿಸಿ. ಕನಿಷ್ಠ ವರ್ಗ ಅಂದಾಜು ಪಕ್ಷಪಾತರಹಿತ ಎಂದು ಸಾಧಿಸಿ, ಯಾವ ಹೆಜ್ಜೆಯಲ್ಲಿ ಯಾವ ಊಹೆಯನ್ನು ಬಳಸಿದಿರಿ ಎಂದು ಗುರುತಿಸಿ. ಮೂರರಲ್ಲಿ ಎರಡನ್ನು ಬರೆಯಲಾಗದಿದ್ದರೆ, ಅಂಕಪಟ್ಟಿ ಏನೇ ಹೇಳಲಿ, ಅರ್ಜಿಯನ್ನು ಒಂದು ವರ್ಷ ಮುಂದೂಡುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊರತೆಯನ್ನು ತುಂಬಿಕೊಳ್ಳುವಾಗ ಅಂಕ ಸಿಗುವ ದಾರಿಯನ್ನೇ ಹಿಡಿಯಿರಿ. ಇನ್ನೂ ಪದವಿ ಓದುತ್ತಿರುವವರು ಗಣಿತ ವಿಭಾಗದ ತರಗತಿಗಳನ್ನು ಐಚ್ಛಿಕವಾಗಿ ತೆಗೆದುಕೊಳ್ಳಬಹುದು. ಪದವಿ ಮುಗಿದವರಿಗೆ ಇಲಿನಾಯ್ ವಿಶ್ವವಿದ್ಯಾಲಯದ ನೆಟ್‌ಮ್ಯಾಥ್‌ನಂಥ, ಆನ್‌ಲೈನ್‌ನಲ್ಲೇ ಅಧಿಕೃತ ಕ್ರೆಡಿಟ್ ನೀಡುವ ವ್ಯವಸ್ಥೆಗಳಿವೆ. ಎಂಐಟಿಯ ದತ್ತಾಂಶ, ಅರ್ಥಶಾಸ್ತ್ರ ಮತ್ತು ನೀತಿ ವಿನ್ಯಾಸದ ಮೈಕ್ರೊಮಾಸ್ಟರ್ಸ್ ಪಾಠಗಳಲ್ಲಿ ಮೇಲ್ವಿಚಾರಣೆಯ ಪರೀಕ್ಷೆಗಳಿರುವುದರಿಂದ ಅವುಗಳ ಅಂಕಗಳಿಗೂ ಬೆಲೆಯಿದೆ. ಬೇರೆ ವಿಷಯದ ಪದವೀಧರರು ಅರ್ಥಶಾಸ್ತ್ರಕ್ಕೆ ದಾಟಲು ಕೇಂಬ್ರಿಡ್ಜ್‌ನ ಅಡ್ವಾನ್ಸ್ಡ್ ಡಿಪ್ಲೊಮಾದಂಥ ಸೇತುವೆಗಳನ್ನು ಬಳಸಬಹುದು. ಉಚಿತ ವಿಡಿಯೊ ಪಾಠಗಳು ಕಲಿಯಲು ಒಳ್ಳೆಯವೇ. ಆದರೆ ಪರೀಕ್ಷೆಯಿಲ್ಲದ ಪ್ರಮಾಣಪತ್ರಗಳನ್ನು ಅರ್ಜಿಯಲ್ಲಿ ಸಾಲಾಗಿ ಪೇರಿಸಿದರೆ ಅವುಗಳಿಂದ ತೂಕ ಹೆಚ್ಚುವುದಿಲ್ಲ.

ಹಂತ 3: ಸಂಶೋಧನೆಯ ಕೆಲಸವನ್ನು ಕೈಯಾರೆ ಮಾಡಿ

ಗಣಿತದ ಜೊತೆಜೊತೆಗೇ ದತ್ತಾಂಶ ವಿಶ್ಲೇಷಣೆಯ ತಂತ್ರಾಂಶಗಳಾದ ಸ್ಟೇಟಾ ಅಥವಾ ಆರ್ ಎರಡರಲ್ಲೊಂದನ್ನು ಚೆನ್ನಾಗಿ ಕಲಿಯಿರಿ, ಪೈಥಾನ್‌ನ ಪರಿಚಯವಿರಲಿ, ಬರವಣಿಗೆಗೆ ಲೇಟೆಕ್ ಮತ್ತು ಕೋಡ್ ಇಟ್ಟುಕೊಳ್ಳಲು ಗಿಟ್ ಬಳಸುವ ಅಭ್ಯಾಸವಾಗಲಿ. ಪ್ರಕಟವಾದ ಒಂದು ಪ್ರಬಂಧದ ದತ್ತಾಂಶವನ್ನು ಇಳಿಸಿಕೊಂಡು ಅದರ ಮುಖ್ಯ ಕೋಷ್ಟಕವನ್ನು ಮರುಸೃಷ್ಟಿಸುವುದು ಇದಕ್ಕೆ ಅತ್ಯುತ್ತಮ ಅಭ್ಯಾಸ. ಮುಖ್ಯ ನಿಯತಕಾಲಿಕಗಳು ಲೇಖಕರಿಂದ ದತ್ತಾಂಶ ಮತ್ತು ಕೋಡ್ ಕೇಳಿ ಪ್ರಕಟಿಸುವುದರಿಂದ ಸಾಮಗ್ರಿಗೆ ಕೊರತೆಯಿಲ್ಲ. ಸಂಖ್ಯೆಗಳು ಹೊಂದದೆ ಹೋದಾಗ ಕಾರಣ ಹುಡುಕುತ್ತ ಕಳೆಯುವ ವಾರಗಳೇ ನಿಜವಾದ ಕಲಿಕೆ.

ಪಿಎಚ್.ಡಿ ಗುರಿಯಿರುವವರು ಪ್ರಿಡಾಕ್ ಎಂದು ಕರೆಯುವ ಪೂರ್ಣಾವಧಿ ಸಂಶೋಧನಾ ಸಹಾಯಕ ಹುದ್ದೆಗಳನ್ನು ಗಂಭೀರವಾಗಿ ಪರಿಗಣಿಸಬೇಕು. ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಎಕನಾಮಿಕ್ ರಿಸರ್ಚ್ ತನ್ನ ಜಾಲತಾಣದಲ್ಲಿ ಇಂಥ ಹುದ್ದೆಗಳ ಪಟ್ಟಿ ಇಡುತ್ತದೆ. ಅವಧಿ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ, ಸಂಬಳವಿರುತ್ತದೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಸಂಶೋಧನೆಯಲ್ಲಿ ನಿಮ್ಮನ್ನು ಹತ್ತಿರದಿಂದ ಕಂಡ ಪ್ರಾಧ್ಯಾಪಕರ ಶಿಫಾರಸು ಸಿಗುತ್ತದೆ. ಆಯ್ಕೆಯಲ್ಲಿ ದತ್ತಾಂಶದ ಪರೀಕ್ಷೆಯೊಂದು ಬಹುತೇಕ ಖಚಿತ. ಕೊಳಕಾದ ದತ್ತಾಂಶವನ್ನು ಕೊಟ್ಟು, ಶುಚಿಗೊಳಿಸಿ, ಅಂದಾಜು ಮಾಡಿ, ಚಿಕ್ಕ ವರದಿ ಬರೆಯಲು ಹೇಳುತ್ತಾರೆ. ಇದರಲ್ಲಿ ಸೋಲುವವರು ಬಹುಮಟ್ಟಿಗೆ ಸೋಲುವುದು ಅಂದಾಜಿನಲ್ಲಲ್ಲ. ನಕಲು ಸಾಲುಗಳನ್ನು, ಬಿಟ್ಟುಹೋದ ಮೌಲ್ಯಗಳನ್ನು ಪರಿಶೀಲಿಸದೆ ಎರಡು ಕಡತಗಳನ್ನು ಜೋಡಿಸಿಬಿಡುವುದರಲ್ಲಿ.

ಹಂತ 4: ಶಿಫಾರಸು ಪತ್ರಗಳನ್ನು ಬರೆಯುವವರನ್ನು ಗುರುತಿಸಿ

ಅಮೆರಿಕದ ಪಿಎಚ್.ಡಿಗೆ ಸಾಮಾನ್ಯವಾಗಿ ಮೂರು, ಸ್ನಾತಕೋತ್ತರ ಪದವಿಗೆ ಎರಡು ಅಥವಾ ಮೂರು ಪತ್ರಗಳು ಬೇಕು. ತರಗತಿಯಲ್ಲಿ ಅಂಕ ಕೊಟ್ಟವರಿಗಿಂತ ನಿಮ್ಮ ಸಂಶೋಧನೆಯನ್ನು ನೋಡಿದವರ ಮಾತಿಗೆ ತೂಕ ಹೆಚ್ಚು. ದೊಡ್ಡ ಹುದ್ದೆಯಲ್ಲಿದ್ದು ನಿಮ್ಮನ್ನು ಸರಿಯಾಗಿ ಅರಿಯದವರ ಪತ್ರಕ್ಕಿಂತ, ನಿಮ್ಮ ಪ್ರಬಂಧದ ನಾಲ್ಕು ಕರಡುಗಳನ್ನು ತಿದ್ದಿದ ಕಿರಿಯ ಅಧ್ಯಾಪಕರ ವಿವರವಾದ ಪತ್ರ ಮೇಲು. ಮೂವರಲ್ಲಿ ಒಬ್ಬರು ನಿಮ್ಮ ಗಣಿತದ ಶಕ್ತಿಯ ಬಗ್ಗೆ ಬರೆಯಬಲ್ಲವರಾಗಿದ್ದರೆ ಒಳ್ಳೆಯದು. ಕಚೇರಿಯ ಮೇಲಧಿಕಾರಿಯ ಪತ್ರ ಪಿಎಚ್.ಡಿ ಅರ್ಜಿಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಗಡುವಿಗೆ ಕನಿಷ್ಠ ಎರಡು ತಿಂಗಳು ಮೊದಲು ಅವರನ್ನು ಕಾಣಿರಿ. ಕೇಳುವಾಗ, ಬಲವಾದ ಪತ್ರ ಬರೆಯಲು ತಮಗೆ ಸಾಧ್ಯವಾಗುತ್ತದೆಯೇ ಎಂದೇ ಕೇಳಬೇಕು. ಹಿಂಜರಿಕೆ ಕಂಡರೆ ವಂದಿಸಿ ಬೇರೆಯವರನ್ನು ಹುಡುಕಿರಿ. ಒಪ್ಪಿದವರಿಗೆ ಅಂಕಪಟ್ಟಿ, ಸ್ವವಿವರ, ಉದ್ದೇಶ ಪತ್ರದ ಕರಡು, ಅವರ ಬಳಿ ನೀವು ಮಾಡಿದ ಕೆಲಸದ ಪ್ರತಿ ಮತ್ತು ಎಲ್ಲ ಗಡುವುಗಳಿರುವ ಒಂದೇ ಪುಟದ ಪಟ್ಟಿಯನ್ನು ಒಟ್ಟಿಗೆ ಕಳುಹಿಸಿ. ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಅಮೆರಿಕದ ಅರ್ಜಿಗಳಲ್ಲಿ ಕೇಳುತ್ತಾರೆ. ಬಿಟ್ಟುಕೊಡುವುದೇ ವಾಡಿಕೆ, ಇಲ್ಲದಿದ್ದರೆ ಪತ್ರದ ಮೇಲಿನ ನಂಬಿಕೆ ಕುಗ್ಗುತ್ತದೆ.

ಪತ್ರವನ್ನು ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ ಎಂಬ ಮಾತು ಬಂದರೆ ಅದನ್ನು ಎಚ್ಚರಿಕೆಯ ಗಂಟೆಯೆಂದೇ ತಿಳಿಯಿರಿ. ಅದು ಅಪ್ರಾಮಾಣಿಕ ಎಂಬುದು ಒಂದು ಕಡೆಯಾದರೆ, ಪತ್ರದ ಶೈಲಿ ಉದ್ದೇಶ ಪತ್ರದ ಶೈಲಿಯನ್ನೇ ಹೋಲಿದಾಗ ಓದುವವರಿಗೆ ಸಂಶಯ ಬರುವುದು ಇನ್ನೊಂದು ಕಡೆ. ವಿನಯದಿಂದ ನಿರಾಕರಿಸಿ, ಬೇಕಾದರೆ ನಿಮ್ಮ ಕೆಲಸದ ಮುಖ್ಯಾಂಶಗಳ ಟಿಪ್ಪಣಿಯನ್ನಷ್ಟೇ ಕೊಡಿ.

ಹಂತ 5: ಪರೀಕ್ಷೆಗಳನ್ನು ಬೇಗ ಮುಗಿಸಿ

ಜಿಆರ್‌ಇ ಎಂಬ, ಉನ್ನತ ವ್ಯಾಸಂಗದ ಪ್ರವೇಶಕ್ಕಾಗಿ ಬರೆಯುವ ಪರೀಕ್ಷೆ 2023ರ ಸೆಪ್ಟೆಂಬರಿನಿಂದ 1 ಗಂಟೆ 58 ನಿಮಿಷಕ್ಕೆ ಇಳಿದಿದೆ. ಗಣಿತ ಭಾಗದ ಅಂಕ 130ರಿಂದ 170ರವರೆಗೆ; ಹೆಸರಾಂತ ವಿಭಾಗಗಳಿಗೆ ಅರ್ಜಿ ಹಾಕುವವರು 165ಕ್ಕಿಂತ ಮೇಲೆ ಗುರಿಯಿಡಬೇಕು. ಅಂಕ 5 ವರ್ಷ ಚಾಲ್ತಿಯಲ್ಲಿರುತ್ತದೆ, ಮರುಪ್ರಯತ್ನಕ್ಕೆ 21 ದಿನಗಳ ಅಂತರ ಬೇಕು. ಇಂಗ್ಲಿಷ್ ಭಾಷಾ ಪರೀಕ್ಷೆಗಳಾದ ಟೋಫೆಲ್ ಮತ್ತು ಐಇಎಲ್‌ಟಿಎಸ್ ಅಂಕಗಳಿಗೆ 2 ವರ್ಷಗಳ ಆಯುಷ್ಯವಷ್ಟೇ ಇರುವುದರಿಂದ ಅವನ್ನು ತೀರಾ ಮುಂಚೆ ಬರೆಯಬೇಡಿ. ಎಲ್ಲ ಪರೀಕ್ಷೆಗಳೂ ಅರ್ಜಿಯ ವರ್ಷದ ಸೆಪ್ಟೆಂಬರ್ ಒಳಗೆ ಮುಗಿದಿರಲಿ. ಜಿಆರ್‌ಇಯಲ್ಲಿ 170 ಬಂದರೂ ಅದು ರಿಯಲ್ ಅನಾಲಿಸಿಸ್‌ನ ಜಾಗ ತುಂಬುವುದಿಲ್ಲ.

ಹಂತ 6: ವಿಭಾಗಗಳ ಪಟ್ಟಿ ಮತ್ತು ಹಣದ ಲೆಕ್ಕವನ್ನು ಒಟ್ಟಿಗೆ ಮಾಡಿ

ವಿಶ್ವವಿದ್ಯಾಲಯದ ಒಟ್ಟು ಶ್ರೇಯಾಂಕವೂ ಅದರ ಅರ್ಥಶಾಸ್ತ್ರ ವಿಭಾಗದ ಸ್ಥಾನವೂ ಬೇರೆ ಬೇರೆ. ವಿಭಾಗದ ಜಾಲತಾಣದಲ್ಲಿ ಹಿಂದಿನ ವಿದ್ಯಾರ್ಥಿಗಳು ಎಲ್ಲೆಲ್ಲಿ ಕೆಲಸಕ್ಕೆ ಸೇರಿದರು ಎಂಬ ಪುಟವಿರುತ್ತದೆ. ಕನಿಷ್ಠ ಐದು ವರ್ಷಗಳದ್ದನ್ನು ಓದಿ. ಆ ಪುಟವೇ ಇಲ್ಲದಿದ್ದರೆ, ಅಥವಾ ವರ್ಷಕ್ಕೊಂದು ಒಳ್ಳೆಯ ಹೆಸರನ್ನಷ್ಟೇ ಆರಿಸಿ ಹಾಕಿದ್ದರೆ, ಅಲ್ಲಿ ಈಗ ಓದುತ್ತಿರುವವರಿಗೆ ಬರೆದು ವಿಚಾರಿಸಿ. ಮೊದಲ ವರ್ಷದ ಪರೀಕ್ಷೆಯ ನಂತರ ಎಷ್ಟು ಮಂದಿ ಉಳಿಯುತ್ತಾರೆ ಎಂಬುದನ್ನೂ ಕೇಳಿ.

ಹಣದ ವಿಷಯದಲ್ಲಿ ದೇಶದಿಂದ ದೇಶಕ್ಕೆ ಅಗಾಧ ವ್ಯತ್ಯಾಸವಿದೆ. ಅಮೆರಿಕದ ಹೆಸರಾಂತ ವಿಭಾಗಗಳು ಪಿಎಚ್.ಡಿ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ಮನ್ನಾ ಮಾಡಿ ವೇತನವನ್ನೂ ನೀಡುತ್ತವೆ, ಆದರೆ ಅಲ್ಲಿನ ಸ್ನಾತಕೋತ್ತರ ಪದವಿಗಳಿಗೆ ನೆರವು ಅಪರೂಪ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕವಿಲ್ಲ. ಮನ್‌ಹೈಮ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೊ ಕೊಡಬೇಕು. ಶುಲ್ಕವಿಲ್ಲ ಎಂದ ಮಾತ್ರಕ್ಕೆ ಕೈಯಲ್ಲಿ ಹಣ ಬೇಡವೆಂದಲ್ಲ. ಜರ್ಮನಿಯ ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚವನ್ನು, ತಿಂಗಳಿಗೆ ಇಂತಿಷ್ಟೇ ಹಣ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಟ್ಟು ತೋರಿಸುವುದು ರೂಢಿ, ಆ ಮೊತ್ತವನ್ನು 2024ರ ಸೆಪ್ಟೆಂಬರಿನಿಂದ 11,904 ಯೂರೊಗೆ ಏರಿಸಲಾಗಿದೆ.

ವಿದ್ಯಾರ್ಥಿವೇತನದ ಗಡುವು ಪ್ರವೇಶದ ಗಡುವಿಗಿಂತ ಮೊದಲೇ ಬರುವುದನ್ನು ಅನೇಕರು ಗಮನಿಸುವುದಿಲ್ಲ. ಆಕ್ಸ್‌ಫರ್ಡ್‌ನ ಕ್ಲಾರೆಂಡನ್ ನಿಧಿಗೆ ಪ್ರತ್ಯೇಕ ಅರ್ಜಿಯಿಲ್ಲ, ಆದರೆ ಡಿಸೆಂಬರ್ ಅಥವಾ ಜನವರಿಯ ಗಡುವಿನೊಳಗೆ ಪ್ರವೇಶಕ್ಕೆ ಅರ್ಜಿ ಹಾಕಿರಬೇಕು. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷಗಳ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆಂಬ ಷರತ್ತೂ ಇದೆ.

ಅಮೆರಿಕದಲ್ಲಿ ಓದಿ ಸ್ವಲ್ಪ ಕಾಲ ಕೆಲಸವನ್ನೂ ಮಾಡಬೇಕೆನ್ನುವವರು ಪದವಿಯ ಸಿಐಪಿ ಸಂಖ್ಯೆಯನ್ನು, ಅಂದರೆ ಅದರ ವಿಷಯವನ್ನು ವರ್ಗೀಕರಿಸುವ ಸಂಕೇತವನ್ನು, ತಪ್ಪದೆ ಕೇಳಿ ತಿಳಿಯಬೇಕು. ಸಾಮಾನ್ಯ ಅರ್ಥಶಾಸ್ತ್ರದ 45.0601 ಸಂಖ್ಯೆಗೆ ಓದಿನ ನಂತರ 12 ತಿಂಗಳ ಕೆಲಸದ ಅನುಮತಿಯಷ್ಟೇ ಸಿಗುತ್ತದೆ. ಎಕನಾಮೆಟ್ರಿಕ್ಸ್ ಮತ್ತು ಪರಿಮಾಣಾತ್ಮಕ ಅರ್ಥಶಾಸ್ತ್ರದ 45.0603 ಸಂಖ್ಯೆ ವಿಜ್ಞಾನ-ತಂತ್ರಜ್ಞಾನ ವಿಷಯಗಳ ಪಟ್ಟಿಯಲ್ಲಿರುವುದರಿಂದ ಇನ್ನೂ 24 ತಿಂಗಳಿಗೆ ಅರ್ಜಿ ಹಾಕಲು ಅವಕಾಶವಿದೆ. ಒಂದೇ ಬಗೆಯ ಪಾಠಗಳಿರುವ ಎರಡು ಪದವಿಗಳ ನಡುವೆ ಈ ಒಂದು ಅಂಕಿಯಿಂದ ಎರಡು ವರ್ಷಗಳ ವ್ಯತ್ಯಾಸವಾಗುತ್ತದೆ.

ಹಂತ 7: ಉದ್ದೇಶ ಪತ್ರವನ್ನು ಈಗ ಬರೆಯಿರಿ

ಇಷ್ಟೆಲ್ಲ ಆದ ಮೇಲೆ ಬರೆಯಲು ಕೂತರೆ ಹೇಳುವುದಕ್ಕೆ ವಿಷಯವಿರುತ್ತದೆ. ಪಿಎಚ್.ಡಿಗಾದರೆ ನಿಮ್ಮನ್ನು ಕಾಡುತ್ತಿರುವ ಸಂಶೋಧನಾ ಪ್ರಶ್ನೆಯಿಂದಲೇ ಆರಂಭಿಸಿ. ಯಾವ ದತ್ತಾಂಶ ಬಳಸಿದಿರಿ, ಕಾರಣ-ಪರಿಣಾಮವನ್ನು ಬೇರ್ಪಡಿಸಲು ಯಾವ ವಿಧಾನ ಹಿಡಿದಿರಿ, ಏನು ಕಂಡಿತು, ಎಲ್ಲಿ ಸಿಕ್ಕಿಬಿದ್ದಿರಿ ಎಂಬುದನ್ನು ಬರೆಯಿರಿ. ಬಾಲ್ಯದಲ್ಲಿ ಬಡತನ ಕಂಡು ಅರ್ಥಶಾಸ್ತ್ರದ ಕಡೆ ಒಲವು ಮೂಡಿತು ಎಂಬ ಆರಂಭ ಎಷ್ಟೇ ನಿಜವಾಗಿದ್ದರೂ, ಅದೇ ದಿನ ಅಂಥ ಹತ್ತಾರು ಪತ್ರಗಳನ್ನು ಓದಿದವರಿಗೆ ಅದು ನಿಮ್ಮ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ವಿಭಾಗದ ಇಬ್ಬರು ಮೂವರು ಪ್ರಾಧ್ಯಾಪಕರನ್ನು ಹೆಸರಿಸುವಾಗ ಅವರ ಇತ್ತೀಚಿನ ಪ್ರಬಂಧವನ್ನು ಓದಿರಬೇಕು. ಅವರು ಇನ್ನೂ ಅಲ್ಲಿಯೇ ಇದ್ದಾರೆಯೇ, ನಿವೃತ್ತರಾಗಿದ್ದಾರೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಯಾವುದೋ ಸೆಮಿಸ್ಟರಿನಲ್ಲಿ ಅಂಕ ಕುಸಿದಿದ್ದರೆ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿ. ಉದ್ಯೋಗಮುಖಿ ಸ್ನಾತಕೋತ್ತರ ಪದವಿಗೆ ಬರೆಯುವಾಗ ಸಂಶೋಧನೆಯ ಜಾಗದಲ್ಲಿ, ಆ ಪದವಿಯ ಯಾವ ಪಾಠ ನಿಮ್ಮ ಮುಂದಿನ ಯಾವ ಕೆಲಸಕ್ಕೆ ಬೇಕಾಗುತ್ತದೆ ಎಂಬುದು ಬರಬೇಕು.

ಪತ್ರವನ್ನು ಓದಿ, ವಿಶ್ವವಿದ್ಯಾಲಯದ ಹೆಸರನ್ನು ಬದಲಿಸಿ ಇನ್ನೊಂದಕ್ಕೆ ಹಾಗೆಯೇ ಕಳುಹಿಸಬಹುದು ಅನ್ನಿಸಿದರೆ ಅದು ಇನ್ನೂ ಸಿದ್ಧವಾಗಿಲ್ಲ.

ಹಂತ 8: ಸಲ್ಲಿಕೆ

ಅಮೆರಿಕದ ಪಿಎಚ್.ಡಿ ಗಡುವುಗಳು ಹೆಚ್ಚಾಗಿ ಡಿಸೆಂಬರಿನಲ್ಲಿ ಬರುತ್ತವೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸ್ನಾತಕೋತ್ತರ ಅರ್ಜಿಗಳನ್ನು ಬಂದ ಹಾಗೆಯೇ ಪರಿಶೀಲಿಸಿ ಸ್ಥಾನ ತುಂಬುತ್ತ ಹೋಗುತ್ತದೆ. ಅಲ್ಲಿ ತಡಮಾಡಿದಷ್ಟೂ ಅವಕಾಶ ಕಿರಿದಾಗುತ್ತದೆ. ಗಡುವಿನ ಗಂಟೆ ಯಾವ ದೇಶದ ಸಮಯದ್ದು ಎಂದು ನೋಡಿಕೊಳ್ಳಿ. ಪದವಿ ಎಷ್ಟು ವರ್ಷದ್ದಿರಬೇಕು ಎಂಬ ನಿಯಮವನ್ನು ಶುಲ್ಕ ಕಟ್ಟುವ ಮೊದಲೇ ಓದಿ, ಮೂರು ವರ್ಷದ ಪದವಿಯನ್ನು ಒಪ್ಪುತ್ತಾರೆಯೇ ಎಂದು ಪ್ರವೇಶ ಕಚೇರಿಗೆ ಬರೆದು ಲಿಖಿತ ಉತ್ತರ ಪಡೆಯಿರಿ. ಯುರೋಪಿನ ಕೆಲವು ಪದವಿಗಳು ಅರ್ಥಶಾಸ್ತ್ರ ಮತ್ತು ಗಣಿತದಲ್ಲಿ ಇಂತಿಷ್ಟು ಇಸಿಟಿಎಸ್ (ಯುರೋಪಿನಲ್ಲಿ ಓದಿನ ಪ್ರಮಾಣ ಅಳೆಯುವ ಪದ್ಧತಿ) ಕ್ರೆಡಿಟ್ ಕಡ್ಡಾಯ ಎನ್ನುತ್ತವೆ. ಅಲ್ಲಿ ಒಂದು ಪೂರ್ಣ ವರ್ಷದ ಓದಿಗೆ 60 ಕ್ರೆಡಿಟ್ ಎಂಬ ಲೆಕ್ಕದಲ್ಲಿ ನಿಮ್ಮ ಪಾಠಗಳನ್ನು ಪರಿವರ್ತಿಸಿ, ಪ್ರತಿ ಪಾಠದ ಪಠ್ಯಕ್ರಮವನ್ನೂ ಲಗತ್ತಿಸಬೇಕಾಗುತ್ತದೆ. ಗಡುವಿಗೆ ಒಂದು ವಾರ ಮೊದಲು ಪೋರ್ಟಲ್ ತೆರೆದು ಶಿಫಾರಸು ಪತ್ರಗಳು ತಲುಪಿವೆಯೇ ಎಂದು ನೋಡಿ. ಬಂದಿಲ್ಲವಾದರೆ, ಲಿಂಕ್ ಅವರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿರುವ ಸಾಧ್ಯತೆಯೇ ಹೆಚ್ಚು. ನೆನಪೋಲೆ ಕಳುಹಿಸಲು ಸಂಕೋಚಪಡಬೇಕಾಗಿಲ್ಲ.

ಹಂತ 9: ಪ್ರವೇಶ ಪತ್ರ ಬಂದ ಮೇಲೆ

ಅಮೆರಿಕದ ಪಿಎಚ್.ಡಿ ಫಲಿತಾಂಶಗಳು ಹೆಚ್ಚಾಗಿ ಫೆಬ್ರುವರಿ ಮತ್ತು ಮಾರ್ಚಿನಲ್ಲಿ ಬರುತ್ತವೆ. ಅಲ್ಲಿನ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳಿಂದ ಆರ್ಥಿಕ ನೆರವಿನ ಪ್ರಸ್ತಾಪ ಬಂದಿದ್ದರೆ ಏಪ್ರಿಲ್ 15ಕ್ಕೆ ಮೊದಲು ಉತ್ತರಿಸಬೇಕಾದ ಬಾಧ್ಯತೆ ನಿಮಗಿಲ್ಲ. ಅವಸರಪಡಿಸಿದರೆ ಆ ದಿನಾಂಕವನ್ನು ವಿನಯದಿಂದ ನೆನಪಿಸಿ. ವೇತನ ವರ್ಷಕ್ಕೆ 9 ತಿಂಗಳದ್ದೋ 12 ತಿಂಗಳದ್ದೋ, ಎಷ್ಟು ವರ್ಷ ಖಚಿತ, ಆರೋಗ್ಯ ವಿಮೆ ಸೇರಿದೆಯೇ, ಬೋಧನೆಯ ಹೊರೆ ಎಷ್ಟು ಎಂಬ ನಾಲ್ಕಕ್ಕೂ ಬರಹದಲ್ಲಿ ಉತ್ತರ ಪಡೆಯದೆ ಒಪ್ಪಿಗೆ ಕೊಡಬೇಡಿ.

ವೀಸಾ ಹಂತದಲ್ಲಿ ಕೆಡುವುದು ಹೆಚ್ಚಾಗಿ ದಿನಾಂಕಗಳು. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಹಣವನ್ನು ದಾಖಲೆ ಸಹಿತ ತೋರಿಸಬೇಕಾದವರ ಖಾತೆಯಲ್ಲಿ ಅಗತ್ಯ ಮೊತ್ತ ಸತತವಾಗಿ 28 ದಿನ ಇರಬೇಕು, ಆ ಅವಧಿಯ ಕೊನೆಯ ದಿನವು ಅರ್ಜಿ ಹಾಕುವ ದಿನಕ್ಕೆ 31 ದಿನಗಳ ಒಳಗಿರಬೇಕು. ನಡುವೆ ಒಂದು ದಿನ ಮೊತ್ತ ಇಳಿದರೂ ಎಣಿಕೆ ಮೊದಲಿನಿಂದ ಆರಂಭವಾಗುತ್ತದೆ. ಅಮೆರಿಕಕ್ಕೆ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಮೊದಲ ಬಾರಿ ಹೋಗುವವರು, ವಿಶ್ವವಿದ್ಯಾಲಯ ನೀಡುವ ಐ-20 ಪತ್ರದಲ್ಲಿರುವ ಆರಂಭದ ದಿನಕ್ಕಿಂತ ಹೆಚ್ಚೆಂದರೆ 30 ದಿನ ಮೊದಲು ದೇಶ ಪ್ರವೇಶಿಸಬಹುದು.

ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲು ವಿಭಾಗದ ಗಣಿತ ಶಿಬಿರದ ದಿನಾಂಕ ನೋಡಿ. ಅಮೆರಿಕದ ಅನೇಕ ಪಿಎಚ್.ಡಿ ವಿಭಾಗಗಳು ತರಗತಿಗಳಿಗೆ ಕೆಲವು ವಾರ ಮೊದಲು, ಸಾಮಾನ್ಯವಾಗಿ ಆಗಸ್ಟಿನಲ್ಲಿ, ಇದನ್ನು ನಡೆಸುತ್ತವೆ. ಯುರೋಪಿನ ಹಲವು ಸ್ನಾತಕೋತ್ತರ ಪದವಿಗಳಲ್ಲೂ ಇಂಥ ಪೂರ್ವಭಾವಿ ಪಾಠಗಳಿವೆ. ತರಗತಿ ಆರಂಭದ ದಿನವನ್ನಷ್ಟೇ ನೋಡಿ ಟಿಕೆಟ್ ಮಾಡಿಸಿದವರು ಈ ಶಿಬಿರವನ್ನು ತಪ್ಪಿಸಿಕೊಳ್ಳುತ್ತಾರೆ. ಸ್ಥಿರಬಿಂದು ಪ್ರಮೇಯದಿಂದ ಡೈನಮಿಕ್ ಪ್ರೋಗ್ರಾಮಿಂಗ್‌ವರೆಗೆ ಮೊದಲ ಸೆಮಿಸ್ಟರಿನಲ್ಲಿ ಗೊತ್ತಿದೆ ಎಂದು ಭಾವಿಸುವುದೆಲ್ಲ ಅಲ್ಲಿ ಒಮ್ಮೆ ಓಡುತ್ತದೆ, ಮುಂದಿನ ಒಂದು ವರ್ಷ ರಾತ್ರಿಯವರೆಗೆ ಜೊತೆಗೆ ಕೂತು ಲೆಕ್ಕ ಬಿಡಿಸುವ ಗುಂಪುಗಳು ಕೂಡಿಬರುವುದೂ ಅಲ್ಲಿಯೇ.